ನಾವೇ ಜೋಡಿಸಿಕೊಂಡ ಬ್ರಾಡ್‌ಬ್ಯಾಂಡ್



ನಿಮ್ಮ ಮನೆಯ ಹಾಲಿನಲ್ಲಿ, ಗೋಡೆಯ ಕೆಳಭಾಗದಲ್ಲಿ ಒಂದು ಪುಟ್ಟ ಬಿಳಿ ಡಬ್ಬಿ ಇನ್ನೂ ಇದೆಯೇ ನೋಡಿ. ಬಣ್ಣ ಬಳಿಯುವವರು ಅದರ ಮೇಲೂ ಒಂದು ಕೈ ಎಳೆದುಬಿಟ್ಟಿರುತ್ತಾರೆ. ಒಳಗೆ ಎರಡೇ ಎರಡು ತಾಮ್ರದ ತಂತಿಗಳು. ಲ್ಯಾಂಡ್‌ಲೈನ್ ಫೋನಿಗೆಂದು ಬಂದ ಈ ಜೋಡಿ ತಂತಿಯ ಮೇಲೆಯೇ ನಮ್ಮಲ್ಲಿ ಅನೇಕರ ಮನೆಗೆ ಮೊದಲ ಸಲ ಅಂತರಜಾಲ ಬಂತು. ತಂದವರು ಯಾರು? ಕಂಪನಿಯ ಇಂಜಿನಿಯರ್ ಎಂದು ಹೇಳಿದರೆ ಪೂರ್ತಿ ನಿಜವಾಗದು. ಎಕ್ಸ್‌ಚೇಂಜಿನಿಂದ ಗೋಡೆಯವರೆಗೆ ಅವರು ತಂದರು. ಗೋಡೆಯಿಂದ ಕಂಪ್ಯೂಟರಿನವರೆಗಿನ ಆ ಆರು ಅಡಿಯನ್ನು ನಾವೇ ದಾಟಿದೆವು. ಆ ಆರು ಅಡಿಯ ಚರಿತ್ರೆ ಇಲ್ಲಿದೆ.

ಮೊದಲು ಸ್ವಲ್ಪ ಹಿಂದೆ ಹೋಗೋಣ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದಕ್ಕೂ ಮೊದಲು ಎರ್ನೆಟ್ ಎಂಬ ಜಾಲವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯ ಜುಹುವಿನಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ಕೇಂದ್ರ ಇವೆಲ್ಲ 1980ರ ದಶಕದ ಕೊನೆಯಿಂದಲೇ ಅದರಲ್ಲಿದ್ದವು. ಆದರೆ ಅದು ಪಂಡಿತರ ಪಂಕ್ತಿ, ನಮಗೆ ಎಲೆ ಹಾಕಿರಲಿಲ್ಲ. ನಮಗೆ ಎಲೆ ಹಾಕಿದ 1995ರಲ್ಲಿ ದರ ಹೀಗಿತ್ತು: ಒಬ್ಬ ವ್ಯಕ್ತಿಗೆ 250 ಗಂಟೆಗೆ 5,000 ರೂಪಾಯಿ, ವೇಗ ಸೆಕೆಂಡಿಗೆ 9.6 ಕಿಲೋಬಿಟ್. ವಿದ್ಯಾರ್ಥಿಗಳಿಗೆ 500 ರೂಪಾಯಿಯ ಖಾತೆಯೂ ಇತ್ತು. ಆದರೆ ಅದರಲ್ಲಿ ಚಿತ್ರಗಳಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ.

9.6 ಕಿಲೋಬಿಟ್ ಎಂದರೆ ಎಷ್ಟು? ಒಂದು ಎಂಬಿಯ ಫೋಟೋ ಇಳಿಯಲು ಹದಿನಾಲ್ಕು ನಿಮಿಷ. ಅಷ್ಟು ಹೊತ್ತೂ ನಿಮ್ಮ ಫೋನ್ ಎಂಗೇಜ್. ಊರಿನಿಂದ ಯಾರಾದರೂ ಎಸ್‌ಟಿಡಿ ಬೂತಿನಲ್ಲಿ ನಿಂತು ಪ್ರಯತ್ನಿಸುತ್ತಿದ್ದರೆ ಅವರ ಗತಿ ದೇವರೇ ಬಲ್ಲ.

ಆ ಕಾಲದ ಮೊಡೆಮ್ ಕೂಗುತ್ತಿದ್ದದ್ದು ನಿಮಗೆ ನೆನಪಿರಬಹುದು. 172ರಿಂದ ಶುರುವಾಗುವ ನಂಬರು ತಿರುಗಿಸಿ, ಕಿರ್ರ್, ಕೀಂಯ್, ಆಮೇಲೆ ಕುದಿಯುವ ನೀರಿನಂಥ ಶಬ್ದ. ಅದು ಬರೀ ಗದ್ದಲವಲ್ಲ. ನಿಮ್ಮ ಮೊಡೆಮ್ ಮತ್ತು ಆ ತುದಿಯ ಮೊಡೆಮ್ ಪರಸ್ಪರ "ನಿನಗೆಷ್ಟು ವೇಗ ಬರುತ್ತದೆ, ಲೈನು ಎಷ್ಟು ಕೆಟ್ಟಿದೆ" ಎಂದು ವಿಚಾರಿಸಿಕೊಳ್ಳುತ್ತಿದ್ದವು. ಫೋನ್ ವ್ಯವಸ್ಥೆ ಮನುಷ್ಯನ ದನಿಗೆಂದು ಮಾಡಿದ್ದು. ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸ್ವರ ಮಾತ್ರ ಅದರಲ್ಲಿ ಹೋಗುತ್ತದೆ. ಮಾಹಿತಿಯನ್ನೂ ಆ ಇಕ್ಕಟ್ಟಿನೊಳಗೆ ಹಾಡಿ ತೋರಿಸಬೇಕಿತ್ತು. 1998ರಲ್ಲಿ 56 ಕಿಲೋಬಿಟ್ಟಿನ ಮೊಡೆಮ್‌ಗೆ ಅಂತಾರಾಷ್ಟ್ರೀಯ ಮಾನದಂಡ ಬಂತು. ಆ ದಾರಿ ಹೆಚ್ಚುಕಮ್ಮಿ ಅಲ್ಲಿಗೆ ಮುಗಿಯಿತು. ಆ 56 ಸಿಗಬೇಕಾದರೂ ಎಕ್ಸ್‌ಚೇಂಜ್ ಡಿಜಿಟಲ್ ಆಗಿರಬೇಕಿತ್ತು. ಇಲ್ಲಿ ನಮ್ಮೂರಿನ ಒಂದು ಮಾತು ಹೇಳಿಬಿಡುತ್ತೇನೆ. ಸಿ-ಡಾಟ್ ಸಂಸ್ಥೆ ದೇಶದಲ್ಲೇ ರೂಪಿಸಿದ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಶುರುವಾದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. 128 ಲೈನುಗಳ ಯಂತ್ರ. ರಾಣಿ ಚೆನ್ನಮ್ಮನ ಊರಿಗೆ ಈ ಇನ್ನೊಂದು ಹೆಗ್ಗಳಿಕೆಯೂ ಇದೆಯೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಹಾಗಾದರೆ ಅದೇ ಎರಡು ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಹೇಗೆ ಬಂತು? ಗುಟ್ಟು ಇಷ್ಟೇ. ಇಕ್ಕಟ್ಟು ಇದ್ದದ್ದು ತಂತಿಯಲ್ಲಲ್ಲ, ಎಕ್ಸ್‌ಚೇಂಜಿನ ದನಿ ವ್ಯವಸ್ಥೆಯಲ್ಲಿ. ಬರಿಯ ತಾಮ್ರದ ತಂತಿ ನಾಲ್ಕೈದು ಕಿಲೋಮೀಟರ್ ದೂರದವರೆಗೂ ಲಕ್ಷಗಟ್ಟಲೆ ಹರ್ಟ್ಸ್‌ನ ಸಂಕೇತಗಳನ್ನು ಹೊತ್ತೊಯ್ಯಬಲ್ಲದು. ದನಿಗೆ ಬೇಕಾದ್ದು ಕೆಳಗಿನ 4 ಕಿಲೋಹರ್ಟ್ಸ್ ಮಾತ್ರ. ಅದರ ಮೇಲಿನ ಜಾಗವೆಲ್ಲ ಖಾಲಿ ಬಿದ್ದಿತ್ತು, ನೆಲಮಾಳಿಗೆಯಲ್ಲಿ ಸಂಸಾರ ಮಾಡಿಕೊಂಡು ಮೇಲಿನ ಇನ್ನೂರು ಮಾಳಿಗೆ ಬೀಗ ಹಾಕಿಟ್ಟ ಹಾಗೆ.

ಬೀಗ ತೆರೆದವರಲ್ಲಿ ಒಬ್ಬರು ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರ್. 1980ರ ದಶಕದ ಕೊನೆಯಲ್ಲಿ ಅವರಿಗೆ ಹೊಳೆದದ್ದು ಒಂದು ಸರಳ ಸಂಗತಿ. ಎಕ್ಸ್‌ಚೇಂಜಿನಲ್ಲಿ ನೂರಾರು ಮನೆಗಳ ತಂತಿಗಳು ಒಂದೇ ಕಟ್ಟಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂತಿರುತ್ತವೆ. ದೂರದ ಮನೆಯಿಂದ ದಣಿದು ಬಂದ ಕ್ಷೀಣ ಸಂಕೇತ ಅಲ್ಲಿ, ಪಕ್ಕದ ತಂತಿಗಳಿಂದ ಹೊರಡುವ ಗಟ್ಟಿ ಸಂಕೇತಗಳ ನಡುವೆ ಸಿಕ್ಕಿಬೀಳುತ್ತದೆ. ಮದುವೆ ಮನೆಯ ವಾಲಗದ ಪಕ್ಕ ಕೂತ ಅಜ್ಜಿಯ ಮಾತಿನ ಹಾಗೆ. ಆದ್ದರಿಂದ ಎರಡೂ ದಿಕ್ಕಿಗೆ ಒಂದೇ ವೇಗ ಬೇಡ, ಮನೆಗೆ ಬರುವ ದಾರಿ ಅಗಲವಾಗಿರಲಿ, ಮನೆಯಿಂದ ಹೋಗುವ ದಾರಿ ಕಿರಿದಾಗಿರಲಿ ಎಂದರು ಅವರು. ಎಡಿಎಸ್‌ಎಲ್‌ನ ಮೊದಲ ಅಕ್ಷರ ಹೇಳುವುದು ಈ ಅಸಮತೆಯನ್ನೇ. ಸ್ಟ್ಯಾನ್‌ಫರ್ಡ್‌ನ ಜಾನ್ ಸಿಯೋಫಿ ಆ ಖಾಲಿ ಜಾಗವನ್ನು 256 ಸಣ್ಣ ಸಣ್ಣ ಓಣಿಗಳಾಗಿ ಹಂಚುವ ವಿಧಾನವನ್ನು ಗೆಲ್ಲಿಸಿದರು. ಯಾವ ಓಣಿಯಲ್ಲಿ ಗದ್ದಲವಿದೆಯೋ ಅಲ್ಲಿ ಕಡಿಮೆ ಸರಕು, ಎಲ್ಲಿ ಶಾಂತವೋ ಅಲ್ಲಿ ಹೆಚ್ಚು. ನಮ್ಮ ಹಳೆಯ, ತುಕ್ಕು ಹಿಡಿದ, ಹತ್ತು ಕಡೆ ಗಂಟು ಬಿದ್ದ ಲೈನುಗಳಲ್ಲೂ ಬ್ರಾಡ್‌ಬ್ಯಾಂಡ್ ಓಡಿದ್ದು ಈ ಉಪಾಯದಿಂದಲೇ.

ತಮಾಷೆಯೆಂದರೆ ಇದನ್ನೆಲ್ಲ ಮಾಡಿದ್ದು ಇಂಟರ್ನೆಟ್ಟಿಗಾಗಿ ಅಲ್ಲ. ಕೇಬಲ್ ಟಿವಿಯವರಿಗೆ ಪೈಪೋಟಿ ಕೊಟ್ಟು, ಕೇಳಿದ ಸಿನಿಮಾವನ್ನು ಫೋನ್ ಲೈನಿನಲ್ಲಿ ಮನೆಗೆ ಕಳಿಸಬೇಕೆಂಬುದು ಅಲ್ಲಿನ ಕಂಪನಿಗಳ ಆಸೆಯಾಗಿತ್ತು. ಅದು ಆಗ ಕೈಗೂಡಲಿಲ್ಲ, ಅಷ್ಟರಲ್ಲಿ ಇಂಟರ್ನೆಟ್ ಬಂತು.

ಈಗ ಆ ಆರು ಅಡಿಗೆ ಬರೋಣ. ಮೊದಮೊದಲು ಎಡಿಎಸ್‌ಎಲ್ ಹಾಕಿಸಲು ಪ್ರತಿ ಮನೆಗೂ ಒಬ್ಬ ತಂತ್ರಜ್ಞ ಹೋಗಬೇಕಿತ್ತು. ಲೈನು ಮನೆಯೊಳಗೆ ಬರುವ ಜಾಗದಲ್ಲೇ ದನಿಯನ್ನೂ ಮಾಹಿತಿಯನ್ನೂ ಬೇರ್ಪಡಿಸುವ ಸಾಧನ ಕೂರಿಸಿ, ಮೊಡೆಮ್‌ಗೆ ಬೇರೆ ತಂತಿ ಎಳೆಯಬೇಕಿತ್ತು. ಇದು ದುಬಾರಿ. ಹೀಗೆ ಮನೆಮನೆಗೆ ಗಾಡಿ ಕಳಿಸುತ್ತ ಹೋದರೆ ಕಂಪನಿ ಮುಳುಗುತ್ತದೆ ಎಂದು ಎಲ್ಲರಿಗೂ ಅರ್ಥವಾಯಿತು. 1998ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ಕಾಂಪ್ಯಾಕ್ ಸೇರಿ ಒಂದು ಕೂಟ ಕಟ್ಟಿದವು. ತಂತ್ರಜ್ಞನೇ ಬೇಡದ, ಅಂಗಡಿಯಿಂದ ತಂದು ಸಿಕ್ಕಿಸಿಕೊಳ್ಳುವ ನಿಧಾನಗತಿಯ ಎಡಿಎಸ್‌ಎಲ್ ಬೇಕೆಂಬುದು ಅವರ ಬೇಡಿಕೆ. 1999ರಲ್ಲಿ ಅದಕ್ಕೆ ಮಾನದಂಡವೂ ಬಂತು. ಆದರೆ ಗೆದ್ದದ್ದು ಅದಲ್ಲ. ಬೆಂಕಿಪೊಟ್ಟಣದ ಗಾತ್ರದ ಒಂದು ಪ್ಲಾಸ್ಟಿಕ್ ಡಬ್ಬಿ ಗೆದ್ದಿತು. ಅದೇ ಫಿಲ್ಟರ್. ಮನೆಯ ಪ್ರತಿ ಫೋನಿನ ಹಿಂದೆ ಒಂದೊಂದು ಫಿಲ್ಟರ್ ಸಿಕ್ಕಿಸಿದರೆ ಪೂರ್ತಿ ವೇಗದ ಎಡಿಎಸ್‌ಎಲ್ಲನ್ನೇ ಯಾರ ಸಹಾಯವೂ ಇಲ್ಲದೆ ಹಾಕಿಕೊಳ್ಳಬಹುದೆಂದು ಗೊತ್ತಾಯಿತು. ನನ್ನನ್ನು ಕೇಳಿದರೆ, ಬ್ರಾಡ್‌ಬ್ಯಾಂಡನ್ನು ಮಧ್ಯಮ ವರ್ಗದ ಮನೆಗೆ ತಂದ ಕೀರ್ತಿಯಲ್ಲಿ ಅರ್ಧ ಪಾಲು ಆ ಡಬ್ಬಿಗೆ ಸಲ್ಲಬೇಕು.

ನಮ್ಮ ದೇಶದ ಸರದಿ ಬಂದದ್ದು 2004ರ ಅಕ್ಟೋಬರ್ 14ರಂದು. ಅಂದು ಪ್ರಕಟವಾದ ಬ್ರಾಡ್‌ಬ್ಯಾಂಡ್ ನೀತಿ, ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗದ, ಸದಾ ಜೋಡಣೆಯಲ್ಲಿರುವ ಸಂಪರ್ಕವೇ ಬ್ರಾಡ್‌ಬ್ಯಾಂಡ್ ಎಂದಿತು. 2010ರ ಹೊತ್ತಿಗೆ ಎರಡು ಕೋಟಿ ಸಂಪರ್ಕಗಳ ಗುರಿಯನ್ನೂ ಇಟ್ಟಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್, ಎಂಟಿಎನ್‌ಎಲ್‌ನ ಟ್ರೈಬ್ಯಾಂಡ್ ಬಂದವು. ದೆಹಲಿ, ಮುಂಬಯಿಯವರಿಗೆ ಎಂಟಿಎನ್‌ಎಲ್. ಪುಣೆ, ಚೆನ್ನೈ, ಹೈದರಾಬಾದಿನವರಿಗೆ ಬಿಎಸ್‌ಎನ್‌ಎಲ್. ಮುಂಬಯಿ ಎಂದೇ ಹೇಳಿಕೊಳ್ಳುವ ಡೊಂಬಿವಲಿ, ಕಲ್ಯಾಣದವರೂ ಬಿಎಸ್‌ಎನ್‌ಎಲ್ ಕಡೆಗೇ ಬಿದ್ದರು. ಮಹಡಿಯಿಂದ ಮಹಡಿಗೆ, ತಾರಸಿಯಿಂದ ತಾರಸಿಗೆ ನೀಲಿ ತಂತಿ ಎಸೆದು ನೆಟ್ ಕೊಡುತ್ತಿದ್ದ ಕೇಬಲ್‌ವಾಲಾಗಳದು ಬೇರೆಯೇ ಪುರಾಣ, ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ಡಬ್ಬ ಮನೆಗೆ ಬಂತು ಎಂದಿಟ್ಟುಕೊಳ್ಳಿ. ಮೊಡೆಮ್, ಅಡಾಪ್ಟರ್, ಒಂದು ಸ್ಪ್ಲಿಟರ್, ಎರಡು ಬಗೆಯ ತಂತಿ, ಒಂದು ಸಿ.ಡಿ. ತಂದವರು "ಸಿ.ಡಿ. ಹಾಕಿ, ಆಗುತ್ತದೆ" ಎಂದು ಹೇಳಿ ಸಹಿ ಹಾಕಿಸಿಕೊಂಡು ಹೋದರು. ಆಗುತ್ತಿರಲಿಲ್ಲ. ಮೊದಲ ತೊಡಕು, ಅನೇಕ ಹಳೆಯ ಕಂಪ್ಯೂಟರುಗಳಲ್ಲಿ ಲ್ಯಾನ್ ಕಾರ್ಡೇ ಇರಲಿಲ್ಲ. ಅದಕ್ಕಾಗಿ ಮುಂಬಯಿಯವರು ಲ್ಯಾಮಿಂಗ್ಟನ್ ರೋಡಿಗೆ, ದೆಹಲಿಯವರು ನೆಹರೂ ಪ್ಲೇಸಿಗೆ, ಚೆನ್ನೈಯವರು ರಿಚಿ ಸ್ಟ್ರೀಟಿಗೆ ಹೋಗಿ ಬಂದರು. ಸ್ಕ್ರೂ ಬಿಚ್ಚಿ, ಕಂಪ್ಯೂಟರಿನ ಹೊಟ್ಟೆಯೊಳಗೆ ಮೊದಲ ಸಲ ಕೈ ಹಾಕಿದರು. ಆಮೇಲೆ ಸ್ಪ್ಲಿಟರಿನ ಮೂರು ತೂತು: ಒಂದಕ್ಕೆ ಗೋಡೆಯ ಲೈನು, ಒಂದಕ್ಕೆ ಫೋನು, ಒಂದಕ್ಕೆ ಮೊಡೆಮ್. ಆಮೇಲೆ ಬ್ರೌಸರಿನಲ್ಲಿ 192.168.1.1 ಎಂದು ಟೈಪಿಸಿದರೆ ಒಂದು ಪುಟ ತೆರೆದು ಹೆಸರು, ಗುಪ್ತಪದ ಕೇಳುತ್ತದೆ. ಎರಡಕ್ಕೂ ಒಂದೇ ಉತ್ತರ, ಅಡ್ಮಿನ್.

ಅಲ್ಲಿ ವಿಪಿಐ ಮತ್ತು ವಿಸಿಐ ಎಂಬ ಎರಡು ಮನೆ ತುಂಬಬೇಕಿತ್ತು. ಬಿಎಸ್‌ಎನ್‌ಎಲ್ ಆದರೆ 0 ಮತ್ತು 35. ಯಾಕೆ 35 ಎಂದು ಯಾರೂ ಹೇಳುತ್ತಿರಲಿಲ್ಲ, ಮಂತ್ರದ ಹಾಗೆ ಕೈಯಿಂದ ಕೈಗೆ ದಾಟುತ್ತಿತ್ತು. ಅಸಲಿಗೆ ಅದು ಎಟಿಎಂ ಎಂಬ ಹಳೆಯ ದೂರಸಂಪರ್ಕ ಪದ್ಧತಿಯ ವಿಳಾಸ. ಹಣ ಕೊಡುವ ಎಟಿಎಂ ಅಲ್ಲ. ಅದರಲ್ಲಿ ಮಾಹಿತಿಯನ್ನು 53 ಬೈಟ್‌ಗಳ ಸಣ್ಣ ಪೊಟ್ಟಣಗಳಾಗಿ ಕಟ್ಟುತ್ತಾರೆ. ವಿಳಾಸಕ್ಕೆ 5, ಸರಕಿಗೆ 48. ಯೂರೋಪಿನವರು 32 ಸಾಕು ಎಂದರು, ಅಮೆರಿಕದವರು 64 ಬೇಕು ಎಂದರು, ಕೊನೆಗೆ ನಡುವಿನ 48ಕ್ಕೆ ರಾಜಿಯಾಯಿತು. ತರಕಾರಿ ಮಾರ್ಕೆಟ್ಟಿನ ಚೌಕಾಶಿಯೇ ಸರಿ. ಪಿಪಿಪಿಒಇ ಎಂಬ ಇನ್ನೊಂದು ಹೆಸರೂ ಹಾಗೆಯೇ. ಸದಾ ಜೋಡಣೆಯಲ್ಲಿರುವ ಲೈನಿಗೆ ಹೆಸರು, ಗುಪ್ತಪದ ಹಾಕಿ "ಡಯಲ್" ಮಾಡುವುದು ಯಾಕೆ? ಅಲ್ಲಿ ತಿರುಗಿಸಲು ನಂಬರೇ ಇಲ್ಲವಲ್ಲ! ಡಯಲ್‌ಅಪ್ ಕಾಲದಲ್ಲಿ ಕಂಪನಿಗಳು ಗ್ರಾಹಕರನ್ನು ಗುರುತಿಸಿ ಬಿಲ್ಲು ಹಾಕಲು ಕಟ್ಟಿಕೊಂಡ ವ್ಯವಸ್ಥೆಯನ್ನೇ ಮುಂದುವರಿಸಲು 1999ರಲ್ಲಿ ಈ ವಿಧಾನ ರೂಪಿಸಿದರು. ಹಳೆಯ ಲೆಕ್ಕದ ಪುಸ್ತಕಕ್ಕೆ ಹೊಸ ರಟ್ಟು.

ಇದೆಲ್ಲ ತುಂಬಿ, ಸೇವ್ ಮಾಡಿ, ಮೊಡೆಮ್ ಆರಿಸಿ ಹಚ್ಚಿದರೆ ಡಿಎಸ್‌ಎಲ್ ದೀಪ ಮಿನುಗಿ ಮಿನುಗಿ ಕೊನೆಗೆ ಸ್ಥಿರವಾಗಿ ನಿಲ್ಲುತ್ತಿತ್ತು. ಆ ದೀಪ ನಿಂತ ಕ್ಷಣದಲ್ಲಿ ಮನೆಮಂದಿಯನ್ನೆಲ್ಲ ಕರೆದು ತೋರಿಸಿದವರು ನಿಮ್ಮಲ್ಲಿ ಎಷ್ಟು ಮಂದಿ?

ನಮ್ಮ ಮನೆಯಲ್ಲಿ ದೀಪ ನಿಂತಿತು, ಆದರೆ ದಿನಕ್ಕೊಮ್ಮೆ ರಾತ್ರಿ ಎಂಟೂವರೆಗೆ ಸರಿಯಾಗಿ ಕೆಡುತ್ತಿತ್ತು. ಹದಿನೈದು ದಿನ ದೂರು ಕೊಟ್ಟೆ, ಎಲ್ಲರೂ ನಮ್ಮ ಕಡೆ ಸರಿಯಿದೆ ಎಂದರು. ಗುಟ್ಟು ಕಂಡುಹಿಡಿದದ್ದು ಹೆಂಡತಿ. "ರೀ, ನಿಮ್ಮಮ್ಮ ಫೋನ್ ಮಾಡೋ ಹೊತ್ತಿಗೇ ಹೋಗತ್ತೆ ನೋಡಿ" ಎಂದಳು. ನಿಜ, ಊರಿನಿಂದ ಅಮ್ಮ ಫೋನ್ ಮಾಡುತ್ತಿದ್ದದ್ದು ಎಂಟೂವರೆಗೆ. ಹಾಲಿನ ಫೋನಿಗೆ ನಾನು ಸ್ಪ್ಲಿಟರ್ ಹಾಕಿದ್ದೆ. ಅಡುಗೆಮನೆಯಲ್ಲಿದ್ದ ಪ್ಯಾರಲಲ್ ಫೋನನ್ನು ಮರೆತೇಬಿಟ್ಟಿದ್ದೆ. ಗಂಟೆ ಬಾರಿಸಲು ಲೈನಿನಲ್ಲಿ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ ಬರುತ್ತದೆ. ಫೋನ್ ಎತ್ತಿದ ಕೂಡಲೇ ಲೈನಿನ ಸ್ವಭಾವವೇ ಬದಲಾಗುತ್ತದೆ. ಫಿಲ್ಟರ್ ಇಲ್ಲದಿದ್ದರೆ ಆ ಹೊಡೆತ ಸೀದಾ ಮೊಡೆಮ್‌ಗೆ. ಹದಿನೈದು ದಿನ ಪರರನ್ನು ಬೈದದ್ದು ನನ್ನದೇ ತಪ್ಪಿಗೆ. ಒಂದು ಫಿಲ್ಟರ್ ತಂದು ಹಾಕಿದೆ, ಅಮ್ಮನೂ ಇಂಟರ್ನೆಟ್ಟೂ ರಾಜಿಯಾದರು.

ಮಳೆಗಾಲದ ಮಾತು ಬೇರೆ. ಟ್ರೈಬ್ಯಾಂಡ್ ಬಂದು ಆರು ತಿಂಗಳಾಗಿತ್ತಷ್ಟೇ, 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆ ದಿನ ಮುಂಬಯಿಯಲ್ಲಿದ್ದವರಿಗೆ ನಾನು ಹೇಳಬೇಕಾಗಿಲ್ಲ. ನೆಲದಡಿಯ ಕೇಬಲ್ ಜೋಡಣೆಗಳಿಗೆ ನೀರು ನುಗ್ಗಿ ಫೋನುಗಳು ಸತ್ತವು. ಆಮೇಲೂ ಪ್ರತಿ ಮಳೆಗಾಲದಲ್ಲಿ ಕೀಲು ಒದ್ದೆಯಾದಾಗ ಮಾತು ಹೇಗೋ ಕೇಳುತ್ತಿತ್ತು, ಬ್ರಾಡ್‌ಬ್ಯಾಂಡ್ ಮಾತ್ರ ಬೀಳುತ್ತಿತ್ತು. ಮೇಲಿನ ಮಾಳಿಗೆಗಳ ಸಂಕೇತ ಸೂಕ್ಷ್ಮ, ಅದು ಮೊದಲು ಸಾಯುತ್ತದೆ.

ಇನ್ನು ಬಿಲ್ಲಿನ ಲೆಕ್ಕ. ಆಗಿನ ಬಿಎಸ್‌ಎನ್‌ಎಲ್‌ನ 500 ರೂಪಾಯಿಯ ಯೋಜನೆಯಲ್ಲಿ ತಿಂಗಳಿಗೆ 1 ಜಿಬಿ. 256 ಕಿಲೋಬಿಟ್ ವೇಗದಲ್ಲಿ ಎಡೆಬಿಡದೆ ಇಳಿಸಿದರೆ ಅದು ಮುಗಿಯಲು ಒಂಬತ್ತು ಗಂಟೆಗೆ ಸ್ವಲ್ಪ ಕಡಿಮೆ ಬೇಕು. 2007ರ ಜನವರಿ 1ರಿಂದ ವೇಗವನ್ನು 2 ಮೆಗಾಬಿಟ್‌ಗೆ ಏರಿಸಿದರು. ಎಲ್ಲರೂ ಹಿಗ್ಗಿದೆವು. ಆದರೆ ಈ ವೇಗದಲ್ಲಿ 1 ಜಿಬಿ ಮುಗಿಯಲು ಒಂದು ಗಂಟೆ ಹತ್ತು ನಿಮಿಷವೂ ಬೇಡ! ಮಕ್ಕಳು ಮಧ್ಯಾಹ್ನ ಏನೋ ಇಳಿಸಿದ್ದು ಗೊತ್ತಾಗುತ್ತಿದ್ದದ್ದು ಸಾವಿರಾರು ರೂಪಾಯಿಯ ಬಿಲ್ಲು ಬಂದಾಗ. ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿದರೂ ಲೆಕ್ಕವಿರಲಿಲ್ಲ. ಅಲಾರಂ ಇಟ್ಟು ಎರಡು ಗಂಟೆಗೆ ಎದ್ದವರಿದ್ದಾರೆ. 256ರ ವೇಗದಲ್ಲಿ ಆ ಆರು ಗಂಟೆಗೆ 690 ಎಂಬಿ ಬರುತ್ತದೆ, ಸರಿಯಾಗಿ ಒಂದು ಸಿ.ಡಿ.

ಇಷ್ಟೆಲ್ಲ ಪಾಡು ಪಟ್ಟದ್ದು ಯಾಕೆ? ನಮ್ಮಂಥ ಹೊರನಾಡ ಕನ್ನಡಿಗರಿಗೆ ಕಾರಣ ಇನ್ನೊಂದಿತ್ತು. ಯು. ಬಿ. ಪವನಜ ಅವರ ವಿಶ್ವಕನ್ನಡ 1996ರಲ್ಲೇ ಜಾಲಕ್ಕೆ ಬಂದಿತ್ತು, ಬರಹ ತಂತ್ರಾಂಶ 1998ರಲ್ಲಿ, ಕನ್ನಡ ವಿಕಿಪೀಡಿಯ 2003ರಲ್ಲಿ. ಆದರೆ ಡಯಲ್‌ಅಪ್‌ನಲ್ಲಿ ಕನ್ನಡ ಓದುವುದೆಂದರೆ ಗಡಿಯಾರ ನೋಡಿಕೊಂಡು ಊಟ ಮಾಡಿದ ಹಾಗೆ. ಒಂದೊಂದು ಪತ್ರಿಕೆಯ ತಾಣಕ್ಕೆ ಒಂದೊಂದು ಫಾಂಟ್ ಇಳಿಸಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕಾಣಬೇಕಾದರೆ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕು, ಅದು ಎಕ್ಸ್‌ಪಿಯ ಸಿ.ಡಿ. ಕೇಳುತ್ತದೆ, ಆ ಸಿ.ಡಿ. ಅಂಗಡಿಯವನ ಹತ್ತಿರ. ಒತ್ತಕ್ಷರಗಳು ಮೊದಲ ಸಲ ತಮ್ಮ ಜಾಗದಲ್ಲಿ ಕೂತದ್ದನ್ನು ಕಂಡಾಗ ಆದ ಸಂತೋಷ, ಬೆಂಗಳೂರಿನಲ್ಲಿ ಕೂತು ಬೆಳಿಗ್ಗೆ ಆರಕ್ಕೆ ಪೇಪರ್ ಓದುವವರಿಗೆ ಅರ್ಥವಾಗುವುದು ಕಷ್ಟ. 2002ರ ಏಪ್ರಿಲ್ 1ರಿಂದ ಇಂಟರ್ನೆಟ್ ಮೂಲಕ ಮಾತಾಡುವುದೂ ಕಾನೂನುಬದ್ಧವಾಗಿತ್ತು. ಅಮೆರಿಕದ ಮಗಳ ಜೊತೆ ನಿಮಿಷದ ಲೆಕ್ಕವಿಲ್ಲದೆ ಮಾತಾಡಿದ ಮಾಟುಂಗಾದ ಅಜ್ಜಂದಿರು ಆ 256ರ ಬೆಲೆ ಬಲ್ಲರು.

ನಾವೇ ಜೋಡಿಸಿಕೊಂಡದ್ದರಲ್ಲಿ ಒಂದು ಕೆಲಸ ಮಾತ್ರ ಅರ್ಧಕ್ಕೆ ನಿಂತಿತ್ತು. ಆ ಅಡ್ಮಿನ್ ಎಂಬ ಗುಪ್ತಪದವನ್ನು ಬದಲಿಸಿದವರು ಕಡಿಮೆ. 2005ರ ಜನವರಿಯಲ್ಲೇ 2.4 ಗಿಗಾಹರ್ಟ್ಸ್ ತರಂಗಗಳಿಗೆ ಪರವಾನಗಿ ಬೇಡವೆಂದಾಯಿತು, ವೈಫೈ ಮೊಡೆಮ್‌ಗಳು ಮನೆ ತುಂಬಿದವು, ಅನೇಕವಕ್ಕೆ ಬೀಗವೇ ಇಲ್ಲ. 2008ರ ಜುಲೈ 26ರಂದು ಅಹಮದಾಬಾದಿನ ಬಾಂಬ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆಯ ಇಮೇಲ್, ನವಿ ಮುಂಬಯಿಯ ಸಾನ್ಪಾಡಾದ ಒಂದು ಮನೆಯ ತೆರೆದ ವೈಫೈಯಿಂದ ಹೋಗಿತ್ತು. ಪೊಲೀಸರು ಆ ಮನೆಯವರ ಬಾಗಿಲು ತಟ್ಟಿದರು. 2009ರಲ್ಲಿ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಗೆ ನಿಯಮ ತಂದಿತು. ಆದರೂ 2017ರ ಜುಲೈನಲ್ಲಿ, ಕಾರ್ಖಾನೆಯಿಂದ ಬಂದ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಸಾವಿರಾರು ಬಿಎಸ್‌ಎನ್‌ಎಲ್ ಮೊಡೆಮ್‌ಗಳಿಗೆ ಕುತಂತ್ರಾಂಶ ನುಗ್ಗಿ ಅವು ಕೆಲಸ ನಿಲ್ಲಿಸಿದವು.

ಈಗ ಗೋಡೆಯ ಡಬ್ಬಿಗೆ ಕೆಲಸವಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮೊಬೈಲೇ ಬ್ರಾಡ್‌ಬ್ಯಾಂಡ್ ಆಯಿತು. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನ ಸುಮಾರು 78,000 ನೌಕರರು ಸ್ವಯಂನಿವೃತ್ತಿ ಪಡೆದು ಒಂದೇ ದಿನ ಮನೆಗೆ ಹೋದರು. ಯಾವ ಕಂಬದ ಯಾವ ಕೀಲು ಯಾವ ಮನೆಗೆ ಎಂಬುದು ಅನೇಕ ಕಡೆ ಅವರ ತಲೆಯಲ್ಲಿ ಮಾತ್ರ ಇತ್ತು. ಮನೆಗೆ ಬರುವುದು ಗಾಜಿನ ಎಳೆ, ಕೂದಲಿನಷ್ಟು ತೆಳು. ಅದನ್ನು ಬೆಸೆಯಲು ಬೇರೆಯೇ ಯಂತ್ರ ಬೇಕು, ಸ್ಕ್ರೂಡ್ರೈವರಿನಿಂದ ಆಗದು. ಎಳೆ ಮುರಿದರೆ ಕಾಯಬೇಕು. 2023ರಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು ಸರ್ಕಾರ 2 ಮೆಗಾಬಿಟ್ ಎಂದು ಬದಲಿಸಿತು, 256ರ ಎಂಟರಷ್ಟು. ನಮ್ಮ ಕೈಗೆ ಉಳಿದಿರುವುದು ರೂಟರಿನ ಪುಟ ಮಾತ್ರ, ಆ ಹಳೆಯ 192.168ರ ವಿಳಾಸ.

ನೀವು ಹಳೆಯ ಲ್ಯಾಂಡ್‌ಲೈನ್ ಒಪ್ಪಿಸಲು ಹೊರಟಿದ್ದರೆ, ಅಥವಾ ಊರಿನಲ್ಲಿ ಅಪ್ಪ ಅಮ್ಮನ ಲೈನ್ ತೆಗೆಸುತ್ತಿದ್ದರೆ, ಠೇವಣಿಯ ರಸೀದಿ ಹುಡುಕಿ. ಮೊಡೆಮ್ ಬಾಡಿಗೆಯದಾಗಿದ್ದರೆ ಅಡಾಪ್ಟರ್ ಸಮೇತ ಹಿಂತಿರುಗಿಸಿ ಬರಹದಲ್ಲಿ ಸ್ವೀಕೃತಿ ಪಡೆಯಿರಿ, ಇಲ್ಲವಾದರೆ ಅದರ ಬೆಲೆಯನ್ನು ಠೇವಣಿಯಲ್ಲಿ ಮುರಿದುಕೊಳ್ಳಬಹುದು. ಮತ್ತು ಇವತ್ತು ರಾತ್ರಿ, ಈ ಪುಟ ಓದಿ ಮುಗಿಸಿದ ಮೇಲೆ, ನಿಮ್ಮ ರೂಟರಿನ ಗುಪ್ತಪದ ಇನ್ನೂ ಅಡ್ಮಿನ್ ಎಂದೇ ಇದೆಯೇ ಎಂದು ಒಮ್ಮೆ ನೋಡಿಬಿಡಿ.